ಹೈಸ್ಕೂಲು ಮಕ್ಕಳೇ ಮೊನಾಪಲಿಯ ನಿಯಮ ಬದಲಿಸಿ ಆಡುವುದು: ಯಾವ ನಿಯಮ ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ?

ಸಮಾಜ_ಪಾಠ:
ಎಲ್ಲರಿಗೂ ನಮಸ್ಕಾರ. 9 ಮತ್ತು 10ನೇ ತರಗತಿಯ ಮಕ್ಕಳಿಗೆ ತೆರಿಗೆ, ಭೂ ಒಡೆತನ, ಅಸಮಾನತೆ ಇವನ್ನು ಆಟದ ಮೂಲಕ ಮುಟ್ಟಿಸುವ ಬಗ್ಗೆ ಈ ಎಳೆ. ನಿಯಮವನ್ನು ನಾವು ಬರೆದುಕೊಟ್ಟು ಆಡಿಸುವುದಲ್ಲ. ಮಕ್ಕಳೇ ಕೂತು ನಿಯಮ ಬದಲಿಸಬೇಕು, ಆಡಿ ನೋಡಬೇಕು, ಎಲ್ಲಿ ಎಡವಿತು ಅಂತ ಅವರೇ ಹೇಳಬೇಕು. ದಾಳ ಹಾಕಿ ಸೈಟು ಕೊಂಡು ಬಾಡಿಗೆ ವಸೂಲಿ ಮಾಡುವ ಮೊನಾಪಲಿಯಂಥ, ಅಂಗಡಿಯಲ್ಲಿ ಬ್ಯುಸಿನೆಸ್, ಟ್ರೇಡ್ ಅಂತ ಸಿಗುವ ಆಟಗಳು ಮಕ್ಕಳಿಗೆ ಗೊತ್ತೇ ಇರುತ್ತವೆ, ಆದ್ದರಿಂದ ಆಟ ಕಲಿಸುವ ಹೊರೆ ಇಲ್ಲ.

ಲೆಕ್ಕ ಹೀಗೆ ಇಟ್ಟುಕೊಳ್ಳೋಣ: 40 ಮಕ್ಕಳು, 5 ಜನರ 8 ಗುಂಪು. ಗುಂಪಿನಲ್ಲಿ ನಾಲ್ವರು ಆಡುವವರು, ಒಬ್ಬರು ಬ್ಯಾಂಕು ಮತ್ತು ಲೆಕ್ಕ ಎರಡನ್ನೂ ನೋಡಿಕೊಳ್ಳುವವರು. 40 ನಿಮಿಷದ ನಾಲ್ಕು ಪೀರಿಯಡ್. ಇಷ್ಟರೊಳಗೆ ಯಾವ ಬದಲಾವಣೆಗಳು ನಿಜವಾಗಿ ಏನಾದರೂ ತೋರಿಸುತ್ತವೆ? ಅಂಕಿ ಸಮೇತ ಬರೆಯಿರಿ.

ದಾಳ_ಎರಡು:
ಮೇಡಂ, ಬದಲಿಸುವ ಮೊದಲು ಮೂಲ ಆಟದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದುಬಿಡಿ. ಅಮೆರಿಕದ ಹಲಗೆಯಲ್ಲಿ 40 ಚೌಕ, ಕೊಳ್ಳಬಹುದಾದ ಜಾಗ 28: ಸೈಟು 22, ರೈಲು 4, ವಿದ್ಯುತ್ ಮತ್ತು ನೀರು 2. ಒಬ್ಬೊಬ್ಬರಿಗೆ ಆರಂಭದ ಹಣ 1500, ಸುತ್ತಿಗೊಂದು ಸಂಬಳ 200. ಎಲ್ಲ 28 ಜಾಗಗಳ ಬೆಲೆ ಕೂಡಿಸಿದರೆ 5690. ನಾಲ್ವರ ಆರಂಭದ ಹಣ ಕೂಡಿಸಿದರೆ 6000. ಅಂದರೆ ಇಡೀ ಊರನ್ನು ಕೊಳ್ಳುವಷ್ಟು ಹಣ ಮೊದಲ ದಿನವೇ ಮೇಜಿನ ಮೇಲಿದೆ, ಸಮನಾಗಿ ಹಂಚಿಯೂ ಆಗಿದೆ. ಆಮೇಲೂ ಒಬ್ಬನೇ ಉಳಿದು ಮೂವರು ದಿವಾಳಿಯಾಗುತ್ತಾರೆ. ಮಕ್ಕಳು ಮೊದಲು ನೋಡಬೇಕಾದದ್ದು ಇದನ್ನೇ.

ಬಾಡಿಗೆ ಏರುವ ರೀತಿಯನ್ನೂ ತೋರಿಸಿ. ಕಿತ್ತಳೆ ಬಣ್ಣದ ಕೊನೇ ಸೈಟು ತಗೊಳ್ಳಿ, ಬೆಲೆ 200. ಖಾಲಿ ಇದ್ದಾಗ ಬಾಡಿಗೆ 16. ಒಂದು ಮನೆಗೆ 80, ಎರಡಕ್ಕೆ 220, ಮೂರಕ್ಕೆ 600. ಒಂದು ಮನೆ ಕಟ್ಟುವ ಖರ್ಚು 100. ಮೂರನೇ ಮನೆಗೆ ಹಾಕಿದ 100 ಬಾಡಿಗೆಯನ್ನು 380 ಏರಿಸುತ್ತದೆ. ಹಣ ಇದ್ದವರಿಗೆ ಮುಂದಿನ ಹೆಜ್ಜೆ ಅಗ್ಗವಾಗುತ್ತಾ ಹೋಗುವ ಜಾಗ ಇದು.

ಒಂದು ಕಟ್ಟುನಿಟ್ಟು ಮಾತ್ರ ಸಡಿಲಿಸಬೇಡಿ: ಒಂದು ಆಟಕ್ಕೆ ಒಂದೇ ನಿಯಮ ಬದಲಾಗಬೇಕು. ಹದಿನೈದು ವರ್ಷದ ಮಕ್ಕಳ ಕೈಗೆ ಪೆನ್ನು ಕೊಟ್ಟರೆ ಒಂದೇ ಸಲಕ್ಕೆ ಏಳೆಂಟು ನಿಯಮ ಬರೆಯುತ್ತಾರೆ. ಆಮೇಲೆ ಅಂತರ ಕಡಿಮೆಯಾದದ್ದು ತೆರಿಗೆಯಿಂದಲೋ ಸಂಬಳದಿಂದಲೋ ಯಾರಿಗೂ ಗೊತ್ತಾಗುವುದಿಲ್ಲ.

ಹಳೇ_ಹಲಗೆ:
ನಿಯಮ ಬದಲಿಸುವುದು ಈ ಆಟಕ್ಕೆ ಹೊಸದಲ್ಲ ಅನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ. ಆಟ ಹುಟ್ಟಿದ್ದೇ ವಾದವಾಗಿ. ಎಲಿಜಬೆತ್ ಮ್ಯಾಗಿ ಎಂಬಾಕೆ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಹೆಸರಿನಲ್ಲಿ ಇದಕ್ಕೆ 1904ರ ಜನವರಿ 5ರಂದು ಅಮೆರಿಕದ ಪೇಟೆಂಟ್ ಪಡೆದರು. ಆಕೆ ಅಮೆರಿಕದ ಅರ್ಥಚಿಂತಕ ಹೆನ್ರಿ ಜಾರ್ಜ್ ವಿಚಾರದವರು: ಭೂಮಿಯ ಮೌಲ್ಯ ಏರುವುದು ಸುತ್ತಲಿನ ಸಮಾಜದಿಂದ, ಹಾಗಾಗಿ ಭೂಮಿಯ ಗೇಣಿ ಸಾರ್ವಜನಿಕರಿಗೆ ಸೇರಬೇಕು, ದುಡಿಮೆಯ ಮೇಲೆ ತೆರಿಗೆ ಇರಬಾರದು ಅನ್ನುವುದು ಆ ವಿಚಾರದ ತಿರುಳು. ಹಲಗೆಯ ಒಂದು ಮೂಲೆಯಲ್ಲಿ ಸಂಬಳ ಸಿಗುತ್ತಿತ್ತು, ಅಲ್ಲಿ ಬರೆದಿದ್ದದ್ದು ಭೂಮಿತಾಯಿಯ ಮೇಲಿನ ದುಡಿಮೆ ಕೂಲಿ ಕೊಡುತ್ತದೆ ಅಂತ. ಇನ್ನೊಂದು ಮೂಲೆ ದೂರದ ಬ್ರಿಟಿಷ್ ಲಾರ್ಡ್ ಒಬ್ಬನ ಜಮೀನು, ಅಲ್ಲಿ ಕಾಲಿಟ್ಟರೆ ನೇರ ಜೈಲು.

ಮ್ಯಾಗಿ ಎರಡು ಬಗೆಯ ಆಟ ಕೊಟ್ಟರು. ಒಂದರಲ್ಲಿ ಬಾಡಿಗೆ ಒಡೆಯನಿಗೆ. ಇನ್ನೊಂದರಲ್ಲಿ ಭೂಮಿಯ ಬಾಡಿಗೆ ಸಾರ್ವಜನಿಕ ಖಜಾನೆಗೆ. ಖಜಾನೆ ತುಂಬಿದಂತೆ ದೀಪದ ಕಂಪನಿ, ರೈಲು ಇವೆಲ್ಲ ಎಲ್ಲರಿಗೂ ಬಿಟ್ಟಿಯಾಗುತ್ತಾ ಹೋಗುತ್ತವೆ. ಎಲ್ಲರಿಗಿಂತ ಕಡಿಮೆ ಹಣ ಇರುವವರ ಹಣ ಆರಂಭದ ಎರಡರಷ್ಟಾದಾಗ ಆಟ ಮುಗಿಯುತ್ತದೆ, ಎಲ್ಲರೂ ಗೆದ್ದಂತೆ. ಗೆಲುವಿನ ಷರತ್ತನ್ನೇ ಬದಲಿಸಬಹುದು ಅನ್ನುವುದು ಮಕ್ಕಳಿಗೆ ತಾನಾಗಿ ಹೊಳೆಯುವುದು ಕಡಿಮೆ, ಇದನ್ನು ಹೇಳಲೇಬೇಕು.

ಆಮೇಲಿನ ಮೂವತ್ತು ವರ್ಷ ಜನ ಈ ಆಟವನ್ನು ಬಟ್ಟೆ, ಮೇಣಗಪಟದ ಮೇಲೆ ಕೈಯಲ್ಲೇ ಬರೆದುಕೊಂಡು, ತಮ್ಮೂರಿನ ಬೀದಿಗಳ ಹೆಸರು ಹಾಕಿಕೊಂಡು ಆಡಿದರು. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಕ್ವೇಕರರು (ಒಂದು ಕ್ರೈಸ್ತ ಪಂಥದವರು) ಹರಾಜಿನ ಬದಲು ಸೈಟಿಗೆ ನಿಗದಿ ಬೆಲೆ ಬರೆದರು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಚಾರ್ಲ್ಸ್ ಡ್ಯಾರೋ ತಂದ ರೂಪವನ್ನು ಮಾರುಕಟ್ಟೆಗೆ ಬಿಟ್ಟಿತು, ಮ್ಯಾಗಿಯ ಪೇಟೆಂಟನ್ನು 500 ಡಾಲರಿಗೆ ಕೊಂಡಿತು. ಎರಡು ಬಗೆಯಲ್ಲಿ ಉಳಿದದ್ದು ಒಂದೇ. 1970ರ ದಶಕದಲ್ಲಿ ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ‘ಆಂಟಿ ಮೊನಾಪಲಿ’ ಆಟ ತಂದು ಕೋರ್ಟು ಹತ್ತಬೇಕಾಯಿತು, ಆ ವ್ಯಾಜ್ಯದಿಂದಲೇ ಮ್ಯಾಗಿಯ ಕಥೆ ಮತ್ತೆ ಹೊರಬಂತು.

ಅರ್ಥ_ವಿಚಾರ:
ಮಕ್ಕಳು ಮೊದಲು ಬರೆಯುವ ನಿಯಮ ಯಾವಾಗಲೂ ‘ಸಂಬಳ ಜಾಸ್ತಿ ಮಾಡಿ’. 200 ಇದ್ದದ್ದು 400 ಆಗಲಿ ಅಂತ. ಬೇಡ ಅನ್ನಬೇಡಿ, ಆಡಲಿ. ಆದರೆ ಹಣ ಎಲ್ಲಿಂದ ಬಂತು ಅಂತ ಕೇಳಿ. ಬ್ಯಾಂಕಿನಿಂದ. ಮೂಲ ನಿಯಮದ ಪ್ರಕಾರ ಬ್ಯಾಂಕು ದಿವಾಳಿಯಾಗುವುದೇ ಇಲ್ಲ, ನೋಟು ಮುಗಿದರೆ ಕಾಗದದ ಮೇಲೆ ಬರೆದುಕೊಡಬಹುದು. ಸೈಟುಗಳು ಅಷ್ಟೇ ಇವೆ, ಹಣ ಎರಡು ಪಟ್ಟು ಒಳಗೆ ಬರುತ್ತಿದೆ. ಹರಾಜಿನ ಬೆಲೆ, ಮಕ್ಕಳು ತಮ್ಮೊಳಗೆ ಮಾಡುವ ವ್ಯಾಪಾರದ ಬೆಲೆ ಎರಡೂ ಏರುತ್ತವೆ, ಆಟ ಮುಗಿಯುವುದಿಲ್ಲ. ದಂಡದ ಹಣವನ್ನೆಲ್ಲ ಮಧ್ಯದಲ್ಲಿಟ್ಟು ‘ಫ್ರೀ ಪಾರ್ಕಿಂಗ್’ ಚೌಕದ ಮೇಲೆ ನಿಂತವರಿಗೆ ಕೊಡುವ, ಜನ ತಮ್ಮ ಮನೆಗಳಲ್ಲಿ ಸೇರಿಸಿಕೊಂಡ ನಿಯಮಕ್ಕೂ ಇದೇ ಗತಿ. ಬ್ಯಾಂಕಿಗೆ ವಾಪಸು ಹೋಗಬೇಕಾದ ಹಣ ಲಾಟರಿಯಾಗಿ ಯಾರಿಗೋ ಸಿಗುತ್ತದೆ, ಬಡವರಿಗೇ ಸಿಗಬೇಕೆಂದೇನಿಲ್ಲ.

ಎರಡನೆಯ ನಿಯಮ ‘ಶ್ರೀಮಂತರಿಗೆ ಜಾಸ್ತಿ ತೆರಿಗೆ’. ಇಲ್ಲಿ ಒಂದು ಖಚಿತವಾದ ತಪ್ಪು ಬರುತ್ತದೆ, ಬರಲಿ ಬಿಡಿ. ಬರೆಯುವುದು ಹೀಗೆ: ಕೈಯಲ್ಲಿ 2000ದವರೆಗೆ ನಗದು ಇದ್ದವರು ಶೇ. 10, ಅದಕ್ಕಿಂತ ಹೆಚ್ಚಿದ್ದವರು ಶೇ. 20 ಕಟ್ಟಬೇಕು. 1990 ಇದ್ದವಳು 199 ಕಟ್ಟಿ 1791 ಉಳಿಸಿಕೊಳ್ಳುತ್ತಾಳೆ. 2010 ಇದ್ದವನು 402 ಕಟ್ಟಿ 1608ಕ್ಕೆ ಇಳಿಯುತ್ತಾನೆ. ಇಪ್ಪತ್ತು ರೂಪಾಯಿ ಹೆಚ್ಚಿದ್ದ ತಪ್ಪಿಗೆ 183 ಹಿಂದೆ. ಒಂದು ಸಲ ಹೀಗಾದರೆ ಸಾಕು, ಎರಡನೇ ಸಲ ತೆರಿಗೆ ಕಟ್ಟುವ ಗಂಟೆ ಬಾರಿಸುವ ಮೊದಲು ಎಲ್ಲರೂ ಬೇಡದ ಮನೆ ಕಟ್ಟಿ 2000ದ ಕೆಳಗೆ ಇಳಿದುಬಿಡುತ್ತಾರೆ. ಆಗ ಹಂತ ಹಂತದ ತೆರಿಗೆ ತೋರಿಸಿ: ಮೊದಲ 2000ಕ್ಕೆ 200, ಮೇಲಿನ 10ಕ್ಕೆ ಮಾತ್ರ ಶೇ. 20, ಅಂದರೆ 2. ಒಟ್ಟು 202.

ನಮ್ಮ ಆದಾಯ ತೆರಿಗೆಯ ಉದಾಹರಣೆಯೂ ಇಲ್ಲೇ ಕೂರುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೊಳಪಡುವ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. 12 ಲಕ್ಷದ 10 ಸಾವಿರ ಇದ್ದವರಿಗೆ ಸ್ಲ್ಯಾಬ್ ಪ್ರಕಾರ 61,500 ಬರುತ್ತದೆ. ಆದರೆ ಮಾರ್ಜಿನಲ್ ರಿಲೀಫ್ (ಮಿತಿ ಮೀರಿದ ಆದಾಯಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ರಿಯಾಯಿತಿ) ಇರುವುದರಿಂದ ಸೆಸ್ ಬಿಟ್ಟು 10,000 ಮೀರುವುದಿಲ್ಲ. ಆಟದಲ್ಲಿ ಮಕ್ಕಳು ಬಿದ್ದ ಹಳ್ಳವನ್ನೇ ಕಾಯ್ದೆ ಮುಚ್ಚಿರುವುದು.

ಗಣಿತ_ಗುಬ್ಬಚ್ಚಿ:
ಅಂತರ ಕಡಿಮೆಯಾಯಿತೋ ಇಲ್ಲವೋ ಅನ್ನುವುದನ್ನು ಬಾಯಿಮಾತಲ್ಲಿ ಬಿಡಬೇಡಿ. ಅಸಮಾನತೆಯನ್ನು ಅಳೆಯುವ ಗಿನಿ ಅಂಕವನ್ನು ಹತ್ತನೇ ತರಗತಿಯವರು ಆರಾಮಾಗಿ ಮಾಡುತ್ತಾರೆ. ನಾಲ್ವರಲ್ಲಿ ಆರು ಜೋಡಿ. ಪ್ರತಿ ಜೋಡಿಯ ಆಸ್ತಿಯ ವ್ಯತ್ಯಾಸ ಕೂಡಿಸಿ, ಅದನ್ನು (4 × ಒಟ್ಟು ಆಸ್ತಿ) ಇಂದ ಭಾಗಿಸಿ. ಉದಾಹರಣೆಗೆ 3000, 1800, 900, 300. ವ್ಯತ್ಯಾಸಗಳು 1200, 2100, 2700, 900, 1500, 600. ಮೊತ್ತ 9000. ಒಟ್ಟು ಆಸ್ತಿ 6000, ನಾಲ್ಕರಿಂದ ಗುಣಿಸಿದರೆ 24,000. ಉತ್ತರ 0.375. ಎಲ್ಲರದೂ ಸಮ ಇದ್ದರೆ 0. ಒಬ್ಬನ ಹತ್ತಿರವೇ ಎಲ್ಲ ಇದ್ದರೆ 0.75, 1 ಅಲ್ಲ, ಏಕೆಂದರೆ ನಾಲ್ಕೇ ಜನ.

ಆಸ್ತಿ ಅಂದರೆ ನಗದು, ಅಚ್ಚಾದ ಬೆಲೆಯಲ್ಲಿ ಸೈಟು, ಕಟ್ಟಿದ ಖರ್ಚಿನಲ್ಲಿ ಮನೆ. ಅಡಮಾನ ಇಟ್ಟ ಸೈಟಿಗೆ ಅರ್ಧ. ನಗದು ಮಾತ್ರ ಎಣಿಸಿದರೆ ಅತಿ ದೊಡ್ಡ ಜಮೀನುದಾರ ಕಡುಬಡವನಂತೆ ಕಾಣುತ್ತಾನೆ.

ಮೊನಾಪಲಿ ತೆಗೆಯುವ ಮೊದಲು ಒಂದು ಪೀರಿಯಡ್‌ನ ಅರ್ಧದಲ್ಲಿ ಹುಣಸೆ ಬೀಜದ ಆಟ ಆಡಿಸಿ. ಪ್ರತಿಯೊಬ್ಬರಿಗೂ 20 ಬೀಜ. ಸಿಕ್ಕವರ ಜೊತೆ ಜೋಡಿಯಾಗಬೇಕು, ಇಬ್ಬರಲ್ಲಿ ಕಡಿಮೆ ಇರುವವರ ಬೀಜದ ಐದನೇ ಒಂದು ಪಾಲು ಪಣ, ನಾಣ್ಯ ಚಿಮ್ಮುವುದು. ಭಾಗ ಸರಿಯಾಗಿ ಬಾರದಿದ್ದರೆ ಕೆಳಕ್ಕೆ ಇಳಿಸಿ, ಕನಿಷ್ಠ 1. ಮತ್ತೆ ಬೇರೆ ಜೋಡಿ. ಮೋಸವಿಲ್ಲ, ಜಾಣತನವಿಲ್ಲ, ನಾಣ್ಯ ಇಬ್ಬರಿಗೂ ಸಮ. ಆದರೂ ಸುತ್ತು ಹೆಚ್ಚಿದಂತೆ ಬೀಜಗಳು ಕೆಲವೇ ಕೈಗಳಿಗೆ ಸೇರುತ್ತವೆ. ಕಾರಣ ಗುಣಾಕಾರದಲ್ಲಿದೆ: ಬಡ ಕೈಗೆ ಒಂದು ಗೆಲುವು, ಒಂದು ಸೋಲು ಬಂದರೆ 1.2 × 0.8 = 0.96. ಸಮ ಗೆದ್ದು ಸಮ ಸೋತರೂ ನೂರಕ್ಕೆ ನಾಲ್ಕು ಹೋಯಿತು. ಅದೇ ಪಣ ಶ್ರೀಮಂತ ಕೈಗೆ ಲೆಕ್ಕಕ್ಕೇ ಇಲ್ಲ. ಭೌತವಿಜ್ಞಾನಿ ಅನಿರ್ಬಾನ್ ಚಕ್ರವರ್ತಿ 2002ರಲ್ಲಿ ವಿವರಿಸಿದ ಮಾದರಿ ಇದು, ಇಂಗ್ಲಿಷಿನಲ್ಲಿ ‘ಯಾರ್ಡ್ ಸೇಲ್’ ಮಾದರಿ ಅನ್ನುತ್ತಾರೆ.

ಎರಡನೇ ಆಟದಲ್ಲಿ ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಹತ್ತಕ್ಕೊಂದು ಬೀಜ ಪಾತ್ರೆಗೆ ಹಾಕಿ ಸಮನಾಗಿ ಹಂಚಿಕೊಳ್ಳಲಿ. ಹತ್ತಕ್ಕಿಂತ ಕಡಿಮೆ ಇದ್ದವರು ಹಾಕಬೇಕಿಲ್ಲ. ಎರಡೂ ಆಟದ ಕೊನೆಯ ಎಣಿಕೆಯನ್ನು ಬೋರ್ಡಿನ ಮೇಲೆ ಪಕ್ಕ ಪಕ್ಕ ಬರೆಯಿರಿ.

ಕಟ್ಟುನಿಟ್ಟು:
ನನ್ನ ತಕರಾರು ದಾಖಲಾಗಲಿ. ನಿಯಮ ಎಲ್ಲರಿಗೂ ಒಂದೇ, ಆರಂಭದ ಹಣ ಎಲ್ಲರಿಗೂ ಒಂದೇ. ನ್ಯಾಯ ಅಂದರೆ ಅಷ್ಟೇ. ಆಮೇಲೆ ಯಾರು ಚೆನ್ನಾಗಿ ಆಡುತ್ತಾರೋ ಅವರು ಗೆಲ್ಲಲಿ. ಹರಾಜಿನಲ್ಲಿ ತಾಳ್ಮೆ, ವ್ಯಾಪಾರದಲ್ಲಿ ಚೌಕಾಸಿ, ಕೈಯಲ್ಲಿ ನಗದು ಉಳಿಸಿಕೊಳ್ಳುವುದು ಇವೆಲ್ಲ ಕಲಿಯುವ ಗುಣಗಳು. ಗೆದ್ದವರ ಹಣ ಕಿತ್ತು ಹಂಚುವುದನ್ನೇ ಪಾಠ ಮಾಡಿದರೆ ಮಕ್ಕಳು ಯಾಕೆ ಯೋಚಿಸಿ ಆಡಬೇಕು?

ದಾಳ_ಎರಡು:
ಈ ಪ್ರಶ್ನೆ ತರಗತಿಯಲ್ಲೂ ಬರಲೇಬೇಕು, ಬರದಿದ್ದರೆ ನೀವೇ ಎತ್ತಿ ಮೇಡಂ. ಉತ್ತರವನ್ನು ಅಳೆದು ನೋಡಬಹುದು. ಆರಂಭ ಸಮ ಇಲ್ಲದ ಆಟ ಒಂದನ್ನು ಆಡಿಸಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಪಾಲ್ ಪಿಫ್ ಮಾಡಿದ ಪ್ರಯೋಗದ ಮಾದರಿ: ನಾಣ್ಯ ಚಿಮ್ಮಿ ಒಬ್ಬರನ್ನು ಶ್ರೀಮಂತ ಮಾಡುತ್ತಾರೆ, ಅವರಿಗೆ ಎರಡು ಪಟ್ಟು ಹಣ, ಎರಡು ಪಟ್ಟು ಸಂಬಳ, ಎರಡು ದಾಳ; ಎದುರಿನವರಿಗೆ ಒಂದೇ ದಾಳ. ಆಟ ನಡೆದಂತೆ ಶ್ರೀಮಂತ ಆಟಗಾರರ ದನಿ ಏರಿತು, ಕಾಯಿಯನ್ನು ಹಲಗೆಗೆ ಕುಟ್ಟಿ ನಡೆಸತೊಡಗಿದರು. ಕೊನೆಗೆ ಗೆದ್ದದ್ದು ಹೇಗೆ ಅಂದರೆ ತಾವು ಕೊಂಡ ಜಾಗ, ಹೂಡಿದ ತಂತ್ರ ಇವನ್ನೇ ಹೇಳಿದರು, ಮೊದಲಲ್ಲಿ ಚಿಮ್ಮಿದ ನಾಣ್ಯ ನೆನಪಾಗಲಿಲ್ಲ.

ಒಂದು ದಾಳ ಏನು ಮಾಡುತ್ತದೆ ಅಂತ ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಒಂದು ಸರದಿಗೆ ಬೇರೆಯವರ ಸೈಟಿನ ಮೇಲೆ ಬೀಳುವ ಸಂಭವ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆದರೆ ಎರಡು ದಾಳದವರು ಸರಾಸರಿ 7 ಚೌಕ ನಡೆದರೆ ಒಂದು ದಾಳದವರು ಮೂರೂವರೆ. ಬಾಡಿಗೆ ಸರದಿಗೊಮ್ಮೆ ಅಷ್ಟೇ ಕಟ್ಟಬೇಕು, ಸಂಬಳ ಅರ್ಧ ಸಲ ಮಾತ್ರ ಸಿಗುತ್ತದೆ. ಊರಿನಿಂದ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರುವವರ ಸ್ಥಿತಿ ಇಷ್ಟು ಸಣ್ಣ ನಿಯಮದಲ್ಲಿ ಬಂದು ಕೂರುವುದು ನನಗೆ ಈ ಪ್ರಯೋಗದ ಅತಿ ಒಳ್ಳೆಯ ಭಾಗ ಅನ್ನಿಸುತ್ತದೆ.

ಅರ್ಥ_ವಿಚಾರ:
@ಕಟ್ಟುನಿಟ್ಟು ಅವರೇ, ಜಾಣತನಕ್ಕೆ ಬೆಲೆ ಇರುವಂತೆಯೇ ಅಂತರ ತಗ್ಗಿಸುವ ನಿಯಮವೂ ಇದೆ, ಅದು ಮ್ಯಾಗಿಯ ದಾರಿ. ಮೂಲ ಹಲಗೆಯಲ್ಲಿ ಖಾಲಿ ಸೈಟಿನ ಬಾಡಿಗೆ ಬಹಳ ಕಡಿಮೆ, ಆದ್ದರಿಂದ ಬಾಡಿಗೆಯನ್ನು ಖಜಾನೆಗೆ ಹಾಕಿದರೂ ಏನೂ ಬದಲಾಗದು. ಬದಲಿಗೆ ಪ್ರತಿ 12 ನಿಮಿಷಕ್ಕೆ ಗಂಟೆ ಬಾರಿಸಿ. ಆಗ ಸೈಟಿನ ಅಚ್ಚಾದ ಬೆಲೆಯ ಶೇ. 10 ಪಾತ್ರೆಗೆ. ಮನೆಗೆ ತೆರಿಗೆ ಇಲ್ಲ. ಪಾತ್ರೆಯ ಹಣ ನಾಲ್ವರಿಗೂ ಸಮ ಪಾಲು. ಎಲ್ಲ ಜಾಗ ಮಾರಾಟವಾಗಿದ್ದರೆ ಒಂದು ಸಲ ಗಂಟೆ ಬಾರಿಸಿದಾಗ 569 ಕೂಡುತ್ತದೆ, ಒಬ್ಬೊಬ್ಬರಿಗೆ 142. ಸುಮಾರು 1420ಕ್ಕಿಂತ ಕಡಿಮೆ ಬೆಲೆಯ ಜಾಗ ಇರುವವರಿಗೆ ಲಾಭ, ಹೆಚ್ಚಿರುವವರಿಗೆ ನಷ್ಟ.

ಏನಾಗುತ್ತದೆ ನೋಡಿ. ಇನ್ನೊಬ್ಬರ ಒಂದೇ ಬಣ್ಣದ ಸೈಟುಗಳ ಗುಂಪು ಪೂರ್ತಿಯಾಗದಂತೆ ತಡೆಯಲೆಂದೇ ಒಂಟಿ ಸೈಟು ಹಿಡಿದುಕೊಂಡು ಕೂತವರಿಗೆ ಗಂಟೆ ಬಾರಿಸಿದಾಗಲೆಲ್ಲ ಸುಡುತ್ತದೆ, ಮಾರುತ್ತಾರೆ. ಮನೆ ಕಟ್ಟಿದವರ ಬಾಡಿಗೆ ಅವರದೇ. ಕಟ್ಟುವ ಜಾಣತನಕ್ಕೆ ಪೆಟ್ಟಿಲ್ಲ.

ಕೈಕೊಡುವ ಜಾಗ ಅಡಮಾನ. ಅಡಮಾನದ ಸೈಟಿಗೆ ತೆರಿಗೆ ಬೇಡ ಅಂತ ಮಕ್ಕಳು ಕನಿಕರದಿಂದ ಬರೆಯುತ್ತಾರೆ. ಮರುಕ್ಷಣ ಎಲ್ಲರೂ ಗಂಟೆಯ ಮೊದಲು ಅಡಮಾನ ಇಟ್ಟು ಆಮೇಲೆ ಬಿಡಿಸಿಕೊಳ್ಳುತ್ತಾರೆ. ಬಿಡಿಸಲು ಬಡ್ಡಿ ಶೇ. 10 ಇದ್ದರೂ ಅದು ಅರ್ಧ ಬೆಲೆಯ ಮೇಲೆ, ಅಂದರೆ ಪೂರ್ತಿ ಬೆಲೆಯ ಶೇ. 5. ತೆರಿಗೆಗಿಂತ ಅಗ್ಗ! ಆದ್ದರಿಂದ ಅಡಮಾನಕ್ಕೂ ಪೂರ್ತಿ ತೆರಿಗೆ ಇರಬೇಕು. ಗಂಟೆಯ ಹೊತ್ತು ಮೊದಲೇ ಗೊತ್ತಿರದಂತೆ ಮಾಡಿದರೆ ಇನ್ನೂ ಒಳ್ಳೆಯದು. ಯಾರಿಗಾದರೂ ಜೋಡಿ ಆರು ಬಿದ್ದಾಗ ಗಂಟೆ ಅಂತ ಇಡಬಹುದು.

ಸಮಾಜ_ಪಾಠ:
ಎಲ್ಲ ಚೆನ್ನಾಗಿದೆ, ಆದರೆ 40 ಚೌಕದ ಹಲಗೆ 40 ನಿಮಿಷಕ್ಕೆ ಹಿಡಿಸುವುದಿಲ್ಲ. ಸಣ್ಣ ಹಲಗೆ ಹೇಗೆ ಮಾಡುವುದು? ಎಂಟು ಸೆಟ್ ಕೊಳ್ಳುವ ಖರ್ಚೂ ಬೇಡ.

ದಾಳ_ಎರಡು:
ಒಂದು ಡ್ರಾಯಿಂಗ್ ಶೀಟಿನಲ್ಲಿ ಬದಿಗೆ 7 ಚೌಕ ಬರುವಂತೆ ಅಂಚು ಎಳೆದರೆ ಸುತ್ತ 24 ಚೌಕ. ನಾಲ್ಕು ಮೂಲೆ, 7 ಬಣ್ಣದ ಜೋಡಿ ಸೈಟು ಅಂದರೆ 14, ಉಳಿದ 6ರಲ್ಲಿ 2 ಬಸ್ ನಿಲ್ದಾಣ, 2 ತೆರಿಗೆ, 2 ಚೀಟಿ ಎತ್ತುವ ಚೌಕ. ಬೆಲೆ ಜೋಡಿಯಿಂದ ಜೋಡಿಗೆ 60, 100, 140, 180, 220, 260, 300. ಖಾಲಿ ಬಾಡಿಗೆ ಬೆಲೆಯ ಹತ್ತನೇ ಒಂದು. ಒಂದು ಮನೆಗೆ ಅದರ 4 ಪಟ್ಟು, ಎರಡಕ್ಕೆ 10 ಪಟ್ಟು, ಎರಡೇ ಮನೆ ಮಿತಿ. ಮನೆಯ ಖರ್ಚು ಸೈಟಿನ ಅರ್ಧ ಬೆಲೆ, ಜೋಡಿಯ ಎರಡೂ ಸೈಟು ಇದ್ದರೆ ಮಾತ್ರ ಕಟ್ಟಬಹುದು. ಸಂಬಳ 80.

ಕೊಳ್ಳುವುದರಲ್ಲೇ ಹೊತ್ತು ಹೋಗದಿರಲು ಸೈಟಿನ ಚೀಟಿಗಳನ್ನು ಕಲಸಿ ತಲಾ 3 ಪುಕ್ಕಟೆ ಹಂಚಿ, ಉಳಿದ 2 ಹರಾಜು. ಕೈಗೆ 400 ನಗದು. ಎರಡು ದಾಳದಲ್ಲಿ 24 ಚೌಕಕ್ಕೆ ಮೂರೂವರೆ ಸರದಿ ಸಾಕು. ಒಂದು ಸರದಿಗೆ ಅರ್ಧ ನಿಮಿಷ ಹಿಡಿದರೆ ನಾಲ್ವರಿಗೆ ಒಂದು ಸುತ್ತು 7 ನಿಮಿಷ, ಪೀರಿಯಡ್‌ಗೆ 5 ಸುತ್ತು. ಚೀಟಿ ಹಂಚುವಾಗಲೇ ಒಬ್ಬಳಿಗೆ 300ರ ಜೋಡಿ, ಇನ್ನೊಬ್ಬನಿಗೆ 60ರ ಜೋಡಿ ಬಂದರೆ ಸರಿಮಾಡಲು ಹೋಗಬೇಡಿ, ಗಿನಿ ಮಾತ್ರ ಬರೆದುಕೊಳ್ಳಿ. ಹುಟ್ಟಿನ ಅಂತರದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ನೋಟಿನ ಬದಲು ವಹಿಯಲ್ಲಿ ಬರೆದುಕೊಳ್ಳೋಣ ಅಂತ ಮಕ್ಕಳು ಹೇಳುತ್ತಾರೆ. ಬೇಡ. ಕೂಡಿ ಕಳೆಯುವುದರಲ್ಲಿ ಆಟ ನಿಧಾನವಾಗುತ್ತದೆ, ಅಲ್ಲದೆ ಹಣ ಕೈಬಿಟ್ಟು ಹೋಗುವುದು ಕಣ್ಣಿಗೆ ಕಾಣಬೇಕು. 10, 50, 100ರ ಮೂರೇ ಬಗೆಯ ಚೀಟಿ ಸಾಕು. ಬಾಡಿಗೆ, ತೆರಿಗೆ ಎಲ್ಲವನ್ನೂ ಹತ್ತಿರದ 10ಕ್ಕೆ ತನ್ನಿ.

ಮಂಜೊಟ್ಟಿ_ಕಾಯಿ:
ದುಡ್ಡಿನ ಆಟವೇ ಬೇಕೆಂದಿಲ್ಲ ಮೇಡಂ. ನಮ್ಮ ಅಳಿಗುಳಿಮಣೆ, ತುಳುವಿನ ಚೆನ್ನೆಮಣೆ, ಇದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. 14 ಗುಳಿ, ಗುಳಿಗೆ 4 ಕಾಳು, ಒಟ್ಟು 56, ಇಬ್ಬರಿಗೂ 28. ಮೊದಲ ಆಟ ಮುಗಿದಾಗ ಒಬ್ಬರಲ್ಲಿ 36, ಇನ್ನೊಬ್ಬರಲ್ಲಿ 20 ಅಂದುಕೊಳ್ಳಿ. ಹಿಂದಿನ ಗಳಿಕೆಯಿಂದಲೇ ಮುಂದಿನ ಆಟ ಕಟ್ಟುವ ಕ್ರಮದಲ್ಲಿ 20 ಇದ್ದವರು ಐದೇ ಗುಳಿ ತುಂಬಬಲ್ಲರು, ಎರಡು ಗುಳಿ ಮುಚ್ಚಿಹೋಯಿತು. 36 ಇದ್ದವರು ಏಳೂ ತುಂಬಿ 8 ಕಾಳು ಕೈಯಲ್ಲಿ ಇಟ್ಟುಕೊಳ್ಳುತ್ತಾರೆ. ಕಾಳು ಕಡಿಮೆಯಾದವರಿಗೆ ಆಡುವ ಜಾಗವೇ ಕಡಿಮೆ, ಆಯ್ಕೆಯೂ ಕಡಿಮೆ.

ಮಕ್ಕಳು ಇಲ್ಲಿ ಬರೆಯಬಹುದಾದ ನಿಯಮಗಳು ಮೂರು ಬಗೆ. ಪ್ರತಿ ಆಟಕ್ಕೂ ಮತ್ತೆ 28-28 ಹಂಚುವುದು. ಹೆಚ್ಚಿನ ಕಾಳಲ್ಲಿ ಅರ್ಧವನ್ನು ಮುಚ್ಚಿದ ಗುಳಿಗೆ ಹಾಕುವುದು, ಮೇಲಿನ ಉದಾಹರಣೆಯಲ್ಲಿ 4 ಕಾಳು ಬಂದು ಒಂದು ಗುಳಿ ತೆರೆಯುತ್ತದೆ. ಮೂರನೆಯದು ಕೈಗಡ: 4 ಕೊಟ್ಟು ಆಟದ ಕೊನೆಗೆ 5 ವಾಪಸು. ಕೈಗಡದ ನಿಯಮವನ್ನು ಮೂರು ಆಟ ಸತತವಾಗಿ ಆಡಿಸಿ. ಆಟಕ್ಕೆ ನಾಲ್ಕಕ್ಕೊಂದು ಬಡ್ಡಿ ಅಂದರೆ ಶೇ. 25. ತೆರೆದ ಗುಳಿಯಿಂದ ಒಂದು ಕಾಳನ್ನಾದರೂ ಗಳಿಸದಿದ್ದರೆ ಸಾಲ ಮಾಡಿದವರು ಮೊದಲಿಗಿಂತ ಕೆಳಗೆ ಹೋಗುತ್ತಾರೆ. ಸಾಲದಿಂದ ಮೇಲೆದ್ದವರೂ ಇರುತ್ತಾರೆ. ಎರಡನ್ನೂ ಬರೆದುಕೊಳ್ಳಲಿ.

ಒಂದು ಎಚ್ಚರಿಕೆ: ಇದು ದಾಳದ ಆಟವಲ್ಲ, ಎಣಿಕೆಯ ಆಟ. ಮನೆಯಲ್ಲಿ ಅಜ್ಜಿಯ ಜೊತೆ ಆಡಿದ ಹುಡುಗಿ ಯಾವ ನಿಯಮ ಇದ್ದರೂ ಗೆಲ್ಲುತ್ತಾಳೆ. ನಿಯಮದ ಪರಿಣಾಮ ನೋಡಬೇಕಾದರೆ ಒಂದು ಆಟ ಆದಮೇಲೆ ಇಬ್ಬರೂ ಬದಿ ಬದಲಿಸಿಕೊಳ್ಳಬೇಕು: ಬಡವರ ಕಾಳಿನ ಮುಂದೆ ಜಾಣರು ಕೂರಬೇಕು.

ಕಟ್ಟುನಿಟ್ಟು:
ಬದಿ ಬದಲಿಸುವ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ. ಜಾಣ್ಮೆ ಎಷ್ಟು, ಜಾಗ ಎಷ್ಟು ಅಂತ ಬೇರೆ ಮಾಡಿ ನೋಡುವ ದಾರಿ ಅದೊಂದೇ.

ಗೇಣಿ_ಚೀಟಿ:
ಕರ್ನಾಟಕದ ಮಕ್ಕಳಾದರೆ ಭೂಸುಧಾರಣೆಯನ್ನು ಬಿಡಬಾರದು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿ, ಹಕ್ಕು ಕೋರುವ ಅರ್ಜಿಯಾದ ಫಾರಂ 7 ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಡುವ ವ್ಯವಸ್ಥೆ. ಉಳುವವನೇ ಹೊಲದೊಡೆಯ ಅನ್ನುವುದನ್ನು ಆಟದ ನಿಯಮ ಮಾಡಲು ಹೇಳಿದರೆ ಮಕ್ಕಳು ಬರೆಯುವುದು: ಒಂದೇ ಸೈಟಿಗೆ ಮೂರು ಸಲ ಬಾಡಿಗೆ ಕಟ್ಟಿದವರಿಗೆ ಆ ಸೈಟು.

ಒಂದು ನಿರ್ದಿಷ್ಟ ಸೈಟಿಗೆ ಆ ನಿಯಮ ಜಾರಿಯಾಗುವುದು ತೀರಾ ಅಪರೂಪ. ಎರಡು ದಾಳದಲ್ಲಿ ಒಂದು ಸುತ್ತಿಗೆ ಒಂದು ನಿರ್ದಿಷ್ಟ ಚೌಕದ ಮೇಲೆ ಬೀಳುವ ಸಂಭವ ಏಳಕ್ಕೊಂದು. ಮೂರು ಸಲ ಬೀಳಲು ಸರಾಸರಿ 21 ಸುತ್ತು ಬೇಕು, ನಿಮ್ಮ ಪೀರಿಯಡ್‌ನಲ್ಲಿ ಇರುವುದು ಐದು. ಕಾಗದದ ಮೇಲೆ ಇರುವ, ಸುಲಭಕ್ಕೆ ಕೈಗೆ ಎಟುಕದ ಹಕ್ಕು ಹೇಗಿರುತ್ತದೆ ಅಂತ ತೋರಿಸಲು ಒಂದು ಪೀರಿಯಡ್ ಹಾಗೇ ಆಡಲಿ. ಆಮೇಲೆ ಸಡಿಲಿಸಿ: ಒಬ್ಬನೇ ಒಡೆಯನ ಯಾವುದೇ ಸೈಟಿಗೆ ಸೇರಿ ಮೂರು ಸಲ ಕಟ್ಟಿದರೆ, ಮೂರನೇ ಸಲ ಬಿದ್ದ ಸೈಟನ್ನು ಅರ್ಧ ಬೆಲೆಗೆ ಕೊಳ್ಳುವ ಹಕ್ಕು. ನಾಲ್ಕು ಸೈಟಿನ ಒಡೆಯನಾದರೆ ಐದು ಸುತ್ತಿನಲ್ಲಿ ಅಷ್ಟು ಸಲ ಬೀಳುವ ಸಂಭವ ಚೆನ್ನಾಗಿಯೇ ಇದೆ. ಕಟ್ಟಿದ್ದಕ್ಕೆ ಬ್ಯಾಂಕಿನವರು ಚೀಟಿ ಬರೆದುಕೊಡಬೇಕು. ಚೀಟಿ ಇಲ್ಲದವರಿಗೆ ಹಕ್ಕಿಲ್ಲ ಅಂದಾಗ ಪಹಣಿಯಲ್ಲಿ ಹೆಸರು ಯಾಕೆ ಬೇಕು ಅನ್ನುವುದೂ ತಿಳಿಯುತ್ತದೆ.

ತಪ್ಪಿಸಿಕೊಳ್ಳುವ ದಾರಿ ಬೇಗ ಸಿಗುತ್ತದೆ. ಎರಡು ಚೀಟಿ ಆದ ಕೂಡಲೇ ಒಡೆಯ ತನ್ನ ಸೈಟುಗಳನ್ನು ಗೆಳೆಯನ ಸೈಟುಗಳ ಜೊತೆ ಅದಲುಬದಲು ಮಾಡುತ್ತಾನೆ, ಎಣಿಕೆ ಮತ್ತೆ ಸೊನ್ನೆ. ಕಾಯ್ದೆ ಬರುವ ಸುದ್ದಿ ತಿಳಿದು ಗೇಣಿದಾರರನ್ನು ಎಬ್ಬಿಸಿದ ಉದಾಹರಣೆಗಳು ಭೂಸುಧಾರಣೆಯ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಪರಿಹಾರವೂ ಕಾಯ್ದೆಯಲ್ಲಿದ್ದಂತೆಯೇ: ಒಡೆತನವನ್ನು ಹಿಂದಿನ ಗಂಟೆ ಬಾರಿಸಿದಾಗ ಯಾರ ಹೆಸರಲ್ಲಿತ್ತೋ ಅದರಂತೆ ಲೆಕ್ಕ ಹಿಡಿಯಬೇಕು.

ಸಮಾಜ_ಪಾಠ:
ಇನ್ನೊಂದು ತೊಡಕು. ನಿಯಮವನ್ನು ಮತ ಹಾಕಿ ಪಾಸು ಮಾಡಿದರೆ ಮೂವರು ಸೇರಿ ನಾಲ್ಕನೆಯವರನ್ನು ದೋಚುವ ನಿಯಮ ಬರುತ್ತದೆ. ‘ಹಸಿರು ಕಾಯಿಯವರು ಎಲ್ಲರಿಗೂ 100 ಕೊಡಬೇಕು’ ಅನ್ನುವ ಥರ.

ಹಳೇ_ಹಲಗೆ:
ಎರಡು ಕಟ್ಟಳೆ ಸಾಕು. ನಿಯಮದಲ್ಲಿ ಆಟಗಾರರ ಹೆಸರು, ಬಣ್ಣ, ಕೂತ ಜಾಗ ಬರಬಾರದು; ಆಸ್ತಿ, ಸೈಟು, ಸುತ್ತು ಇಂಥ ಎಲ್ಲರಿಗೂ ಅನ್ವಯಿಸುವ ಮಾತುಗಳೇ ಇರಬೇಕು. ಮತ್ತು ಮತ ಹಾಕಿದ ಮೇಲೆ ಸ್ಥಾನದ ಚೀಟಿ ಎತ್ತಬೇಕು. ನಾಲ್ಕು ಚೀಟಿ: ಒಂದರಲ್ಲಿ 800 ನಗದು, ಸಂಬಳ 120, ಎರಡು ದಾಳ. ಎರಡರಲ್ಲಿ 400, 80, ಎರಡು ದಾಳ. ಒಂದರಲ್ಲಿ 200, 40, ಒಂದು ದಾಳ. ತನಗೆ ಯಾವುದು ಬರುತ್ತದೋ ಗೊತ್ತಿಲ್ಲದೆ ನಿಯಮ ಆರಿಸುವುದು. ತತ್ವಶಾಸ್ತ್ರದಲ್ಲಿ ಜಾನ್ ರಾಲ್ಸ್ ಹೇಳಿದ ಅಜ್ಞಾನದ ತೆರೆಯನ್ನು ಮೇಜಿನ ಮೇಲೆ ಹೀಗೆ ತರಬಹುದು. ಎರಡು ಸುತ್ತು ಆದ ಮೇಲೆ ಅದೇ ನಿಯಮಕ್ಕೆ ಇನ್ನೊಮ್ಮೆ ಮತ. ಎರಡೂ ಮತವನ್ನು ಯಾವ ಚೀಟಿಯವರು ಬದಲಿಸಿದರು ಅಂತ ಸಮೇತ ಬರೆದಿಡಿ. ಗ್ಯಾರಿ ಶರ್ಟ್ಸ್ 1969ರಲ್ಲಿ ಮಾಡಿದ ‘ಸ್ಟಾರ್‌ಪವರ್’ ಆಟದಲ್ಲಿ ನಿಯಮ ಬರೆಯುವ ಅಧಿಕಾರವನ್ನು ಮುಂದಿರುವ ಗುಂಪಿಗೇ ಕೊಡುತ್ತಾರೆ. ಅದನ್ನೂ ಒಂದು ಪೀರಿಯಡ್ ಪ್ರಯತ್ನಿಸಬಹುದು, ಆದರೆ ಈ ಎರಡು ಮತ ಆದಮೇಲೆ.

ಮಂಜೊಟ್ಟಿ_ಕಾಯಿ:
ಚೀಟಿಯ ಮೇಲೆ ಜಾತಿ, ಅಪ್ಪನ ಕೆಲಸ, ‘ಬಡವ’, ‘ಸಾಹುಕಾರ’ ಇಂಥ ಪದಗಳನ್ನು ಬರೆಯಲೇಬೇಡಿ. ಅಂಕಿ ಮಾತ್ರ ಇರಲಿ. ತರಗತಿಯಲ್ಲಿ ನಿಜವಾಗಿ ಫೀಸು ಕಟ್ಟಲಾಗದ ಮಗು ಕೂತಿರುತ್ತದೆ, ಆಟದಲ್ಲೂ ಅದಕ್ಕೇ ಆ ಚೀಟಿ ಬಂದರೆ ಬೇರೆಯವರು ನಗುವ ಅವಕಾಶ ಇರಬಾರದು. ಚೀಟಿ ಪ್ರತಿ ಪೀರಿಯಡ್ ಬದಲಾಗಲಿ, ಸತತ ಎರಡು ಸಲ ಕೆಳಗಿನ ಚೀಟಿ ಒಬ್ಬರಿಗೇ ಬಂದರೆ ಮತ್ತೆ ಎತ್ತಿಸಿ. ದಿವಾಳಿಯಾದವರನ್ನು ಸುಮ್ಮನೆ ಕೂರಿಸಬೇಡಿ, ಅವರು ಬ್ಯಾಂಕಿನವರ ಜೊತೆ ಸೇರಿ ಗಿನಿ ಲೆಕ್ಕ ಹಾಕಲಿ. ಚರ್ಚೆಯಲ್ಲಿ ಮೊದಲ ಮಾತು ಅವರಿಗೇ ಕೊಡಿ.

ಗಣಿತ_ಗುಬ್ಬಚ್ಚಿ:
ನಾಲ್ಕು ಪೀರಿಯಡ್‌ನ ಹಂಚಿಕೆ ಹೀಗಿರಲಿ ಮೇಡಂ. ಮೊದಲನೆಯದರಲ್ಲಿ ಹುಣಸೆ ಬೀಜ, ಗಿನಿ ಲೆಕ್ಕ. ಎರಡನೆಯದರಲ್ಲಿ 24 ಚೌಕದ ಮೂಲ ಆಟ. ಮೂರನೆಯದರಲ್ಲಿ ಗುಂಪಿಗೊಂದು ಬದಲಾದ ನಿಯಮ, ಎಂಟು ಗುಂಪಿಗೆ ನಾಲ್ಕೇ ನಿಯಮ ಕೊಡಿ, ಒಂದೊಂದನ್ನು ಎರಡು ಗುಂಪು ಆಡಲಿ. ಒಂದೇ ನಿಯಮಕ್ಕೆ ಎರಡು ಗುಂಪಿನ ಗಿನಿ ದೂರ ದೂರ ಬಂದರೆ ಅದು ದಾಳದ ಕೆಲಸ. ನಾಲ್ಕನೆಯದರಲ್ಲಿ ಗುಂಪುಗಳು ನಿಯಮದ ಹಾಳೆ ಅದಲುಬದಲು ಮಾಡಿಕೊಂಡು, ಇನ್ನೊಬ್ಬರ ನಿಯಮದಲ್ಲಿ ನುಸುಳುವ ದಾರಿ ಹುಡುಕಲಿ. ನಿಯಮದ ಹಾಳೆಯಲ್ಲಿ ಐದು ಸಾಲು ಸಾಕು: ಬದಲಾದ ನಿಯಮ, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಆರಂಭದ ಗಿನಿ, ಪ್ರತಿ ಸಲ ಗಂಟೆ ಬಾರಿಸಿದಾಗಿನ ಗಿನಿ, ಸಿಕ್ಕ ನುಸುಳು ದಾರಿ. ಐದನೇ ಸಾಲಿಗೆ ಅರ್ಧ ಪುಟ ಜಾಗ ಬಿಡಿ.